ಬೆರಳು ಸವೆದಿತ್ತೋ, ಡ್ರೈವರ್ ಹಳತಾಗಿತ್ತೋ?

ಮುಂಗಾರು ಶುರುವಾಗಿ ಶಾಲೆ-ಕಾಲೇಜುಗಳ ಬಾಗಿಲು ತೆರೆಯುವ ಹೊತ್ತಿಗೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಯಾವ ಗಣಕ ಕೇಂದ್ರದ ಮುಂದೆ ನಿಂತರೂ ನೀವು ಒಂದು ದೃಶ್ಯವನ್ನು ಕಾಣಬಹುದು. ತೊಗರಿ ಬಿತ್ತನೆಯ ಕೆಲಸವನ್ನು ಅರ್ಧಕ್ಕೆ ಬಿಟ್ಟು ಬಂದ ತಂದೆ. ಪಕ್ಕದಲ್ಲಿ ಅಂಕಪಟ್ಟಿ ತುಂಬಿದ ಪ್ಲಾಸ್ಟಿಕ್ ಚೀಲ ಹಿಡಿದ ಮಗಳು. ವಿದ್ಯಾರ್ಥಿವೇತನದ ಅರ್ಜಿಗೋ ಬ್ಯಾಂಕ್ ಖಾತೆಗೋ ತಂದೆಯ ಬೆರಳಚ್ಚು ಬೇಕು. ಅವರು ಗಾಜಿನ ಮೇಲೆ ಹೆಬ್ಬೆರಳು ಇಡುತ್ತಾರೆ. ಬರುವುದಿಲ್ಲ. ಪಂಚೆಗೆ ಒರೆಸಿಕೊಂಡು ಮತ್ತೆ ಇಡುತ್ತಾರೆ. ಆಗಲೂ ಇಲ್ಲ.

'ಬೆರಳು ಸವದಾವ್ರಿ ಕಾಕಾ, ಬರವಲ್ದು. ನಾಳಿ ಬರ್ರಿ' ಎನ್ನುತ್ತಾನೆ ಗಣಕದ ಮುಂದೆ ಕುಳಿತ ಹುಡುಗ. ಅಪ್ಪ ತನ್ನ ಕೈಯನ್ನೇ ಒಮ್ಮೆ ನೋಡಿಕೊಂಡು ಎದ್ದು ಹೊರಡುತ್ತಾರೆ. ಆ ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಹೋಯಿತು. ಅರ್ಜಿಯ ಕೊನೆಯ ದಿನಾಂಕ ಮಾತ್ರ ಒಂದು ದಿನ ಹತ್ತಿರ ಬಂತು.

ಮಣ್ಣು, ಸುಣ್ಣ, ಸಿಮೆಂಟಿನಲ್ಲಿ ದುಡಿಯುವವರ ಬೆರಳಿನ ಗೆರೆಗಳು ಸವೆಯುವುದು ಸುಳ್ಳಲ್ಲ. ಆದರೆ ಎಲ್ಲ ಸಲವೂ ತಪ್ಪು ಬೆರಳಿನದೇ ಎಂದು ಒಪ್ಪಿಕೊಳ್ಳಬೇಕಾಗಿಲ್ಲ. ಅಪ್ಪನ ಜೊತೆಗೆ ಹೋದ ಮಗಳು ಮೂರು ಸಂಗತಿ ಗಮನಿಸಲಿ. ಬೆರಳು ಇಡುವಾಗ ಯಂತ್ರದೊಳಗಿನ ದೀಪ ಹೊತ್ತಿಕೊಂಡಿತೇ? ಹಿಂದೆ ನಿಂತ ಕಾಲೇಜು ಹುಡುಗನ ಬೆರಳಾದರೂ ಬಂತೇ? ಪರದೆಯ ಮೇಲೆ ಬಂದ ಇಂಗ್ಲಿಷ್ ಸಂದೇಶ 'ಬೆರಳು ತಾಳೆಯಾಗಲಿಲ್ಲ' ಎನ್ನುತ್ತಿದೆಯೋ, 'ಸಾಧನ ಸಿಗಲಿಲ್ಲ' ಎನ್ನುತ್ತಿದೆಯೋ? ದೀಪ ಹೊತ್ತದಿದ್ದರೆ, ಯಾರ ಬೆರಳೂ ಬಾರದಿದ್ದರೆ, ಸಾಧನವೇ ಸಿಗಲಿಲ್ಲ ಎಂದರೆ ಕೈ ತೊಳೆದು ಬಂದು ಪ್ರಯೋಜನವಿಲ್ಲ. ಗಣಕಕ್ಕೂ ಬೆರಳಚ್ಚು ಯಂತ್ರಕ್ಕೂ ಮಾತು ಬಿಟ್ಟುಹೋಗಿದೆ, ಅಷ್ಟೇ. ಆ ಮಾತುಕತೆಯನ್ನು ನಡೆಸುವ ತಂತ್ರಾಂಶದ ಹೆಸರೇ ಡ್ರೈವರ್.

ದುಭಾಷಿಯ ಕೆಲಸ

ವಿಂಡೋಸ್ ತಯಾರಿಸಿದವರಿಗೆ ನಿಮ್ಮ ಊರಿನ ಅಂಗಡಿಯಲ್ಲಿ ಯಾವ ಮುದ್ರಣ ಯಂತ್ರವಿದೆ, ಯಾವ ಕ್ಯಾಮೆರಾ ಇದೆ ಎಂಬುದು ಗೊತ್ತಿರುವುದಿಲ್ಲ. ಆದ್ದರಿಂದ ಯಂತ್ರ ಮಾಡಿದ ಕಂಪನಿಯೇ ಒಂದು ಪುಟ್ಟ ತಂತ್ರಾಂಶ ಬರೆದು ಕೊಡುತ್ತದೆ. 'ಈ ಪುಟ ಮುದ್ರಿಸು' ಎಂದು ವಿಂಡೋಸ್ ಹೇಳಿದ್ದನ್ನು ಅದು ಯಂತ್ರಕ್ಕೆ ತಿಳಿಯುವ ಭಾಷೆಗೆ ತಿರುಗಿಸುತ್ತದೆ. ಕಲಬುರಗಿ ಸಂತೆಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಬಲ್ಲ ದಲಾಲಿ ಇರುತ್ತಾನಲ್ಲ, ಹಾಗೆ. ದಲಾಲಿ ಬರದ ದಿನ ವ್ಯಾಪಾರ ಕುದುರುವುದಿಲ್ಲ.

ಫರ್ಮ್‌ವೇರ್ ಎಂಬುದು ಇನ್ನೊಂದು. ಡ್ರೈವರ್ ಇರುವುದು ಗಣಕದ ಡಿಸ್ಕಿನಲ್ಲಿ, ವಿಂಡೋಸ್ ಜೊತೆಗೆ. ಫರ್ಮ್‌ವೇರ್ ಇರುವುದು ಯಂತ್ರದ ಹೊಟ್ಟೆಯೊಳಗಿನ ಚಿಪ್ಪಿನಲ್ಲಿ. ಗುಂಡಿ ಒತ್ತಿದ ಕೂಡಲೇ, ವಿಂಡೋಸ್ ಕಣ್ಣು ಬಿಡುವ ಮೊದಲೇ, ಎದ್ದು ಕೆಲಸ ಶುರು ಮಾಡುವುದು ಇದು. ಗಣಕದ ಮುಖ್ಯ ಫಲಕದ ಫರ್ಮ್‌ವೇರ್‌ಗೆ ಹಿಂದಿನಿಂದಲೂ ಬಯಾಸ್ ಎಂದು ಹೆಸರು. ಈಗಿನ ಗಣಕಗಳಲ್ಲಿ ಇರುವುದು ಅದರ ಹೊಸ ರೂಪವಾದ ಯುಇಎಫ್‌ಐ. ಆದರೂ ಬಾಯಲ್ಲಿ ಉಳಿದಿರುವುದು ಬಯಾಸೇ. ಡ್ರೈವರ್ ಕೆಟ್ಟರೆ ತೆಗೆದು ಮತ್ತೊಂದು ಹಾಕಬಹುದು. ಬಯಾಸ್ ಅರ್ಧಕ್ಕೆ ಕೆಟ್ಟರೆ ಗಣಕ ಏಳುವುದೇ ಇಲ್ಲ. ಓದುಗರು ಈ ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಬೆರಳಚ್ಚು ಯಂತ್ರ ನಮ್ಮ ತಾಲ್ಲೂಕು ಕಚೇರಿಗಳಿಗೆ ಬಂದದ್ದು ಆಧಾರ್‌ನಿಂದ ಅಲ್ಲ ಎಂಬುದು ಅನೇಕರಿಗೆ ಮರೆತುಹೋಗಿದೆ. 2000ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರ 'ಭೂಮಿ' ಯೋಜನೆಯಲ್ಲಿ ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಒಂದು ಪರದೆ ಸಿಬ್ಬಂದಿಯ ಕಡೆಗೆ, ಇನ್ನೊಂದು ರೈತನ ಕಡೆಗೆ. ಆಗ ಬೆರಳು ಇಡಬೇಕಾಗಿದ್ದವರು ಸಿಬ್ಬಂದಿ. ಯಾರು ದಾಖಲೆ ತಿದ್ದಿದರು ಎಂಬುದು ತಿಳಿಯಲೆಂದು ಅವರ ಬೆರಳಚ್ಚು ತಾಳೆಯಾದ ಮೇಲೆಯೇ ತಂತ್ರಾಂಶ ತೆರೆದುಕೊಳ್ಳುತ್ತಿತ್ತು. ಕಾಲು ಶತಮಾನದಲ್ಲಿ ಗಾಜು ಕಿಟಕಿಯ ಈಚೆಗೆ ತಿರುಗಿ ಕುಳಿತಿದೆ!

ಆಧಾರ್ ಪ್ರಾಧಿಕಾರ 2017ರಲ್ಲಿ ಒಂದು ಕಟ್ಟುನಿಟ್ಟು ತಂದಿತು. ನೋಂದಾಯಿತ ಯಂತ್ರಗಳನ್ನೇ ಬಳಸಬೇಕು. ಬೆರಳಚ್ಚಿನ ಚಿತ್ರವನ್ನು ಯಾರೂ ಕದ್ದು ಇಟ್ಟುಕೊಂಡು ಮತ್ತೆ ಬಳಸದಂತೆ ಪ್ರತಿ ಸಲವೂ ಅದು ಗುಪ್ತಲಿಪಿಯಾಗಿ, ಸಹಿ ಸಮೇತ ಹೋಗಬೇಕು. ಈ ಕೆಲಸಕ್ಕಾಗಿ ಡ್ರೈವರ್ ಜೊತೆಗೆ 'ಆರ್‌ಡಿ ಸರ್ವಿಸ್' ಎಂಬ ಇನ್ನೊಂದು ತಂತ್ರಾಂಶ ಗಣಕದಲ್ಲಿ ಓಡುತ್ತಿರಬೇಕು. ಎಲ್‌0 ಎಂಬ ಹಳೆಯ ದರ್ಜೆಯ ಯಂತ್ರಗಳಲ್ಲಿ ಗುಪ್ತಲಿಪಿಯ ಕೆಲಸ ನಡೆಯುತ್ತಿದ್ದುದು ಗಣಕದ ತಂತ್ರಾಂಶದಲ್ಲಿ. ಎಲ್‌1 ದರ್ಜೆಯಲ್ಲಿ ಅದು ಯಂತ್ರದೊಳಗೇ ಮುಗಿಯುತ್ತದೆ. ಕೆಲವು ಕಂಪನಿಗಳ ಆರ್‌ಡಿ ಸರ್ವಿಸ್‌ಗೆ ವರ್ಷಗಳ ಲೆಕ್ಕದಲ್ಲಿ ಹಣ ಕಟ್ಟಬೇಕು. ಗಡುವು ಮುಗಿದರೆ ಯಂತ್ರ ಸರಿಯಿದ್ದೂ ಮೂಕ. ಅಂದರೆ ಬೆರಳಿನ ಗೆರೆ ಹೊರತಾಗಿ ಇನ್ನೂ ನಾಲ್ಕು ಕಡೆ ತೊಡಕಿಗೆ ಜಾಗವಿದೆ. ನಿಜಕ್ಕೂ ಬೆರಳು ಸವೆದಿದ್ದರೂ ಉಳಿದ ಒಂಬತ್ತು ಬೆರಳು ಪ್ರಯತ್ನಿಸಬಹುದು. ಅನೇಕ ಸೇವೆಗಳಲ್ಲಿ ಮೊಬೈಲ್‌ಗೆ ಬರುವ ಒಟಿಪಿ, ಕಣ್ಣಿನ ಪಾಪೆ, ಮುಖ ಗುರುತಿಗೂ ಅವಕಾಶವಿದೆ. ಕೇಳುವ ಹಕ್ಕು ನಿಮ್ಮದು.

ಕರೆಂಟ್ ಹೋದಾಗ ಮರೆವು

ಝೆರಾಕ್ಸ್ ಅಂಗಡಿಗಳಲ್ಲಿ ಬಹುಕಾಲ ಬಾಳಿದ ಒಂದು ಮುದ್ರಣ ಯಂತ್ರ ಎಚ್‌ಪಿ ಲೇಸರ್‌ಜೆಟ್ 1020. ಇದರದೊಂದು ವಿಚಿತ್ರ ಸ್ವಭಾವವಿದೆ. ಬೆಲೆ ಇಳಿಸಲು ಇದರ ಪೂರ್ತಿ ಫರ್ಮ್‌ವೇರನ್ನು ಯಂತ್ರದಲ್ಲಿ ಶಾಶ್ವತವಾಗಿ ಇಟ್ಟೇ ಇಲ್ಲ. ಯಂತ್ರಕ್ಕೆ ವಿದ್ಯುತ್ ಬಂದಾಗಲೆಲ್ಲ ಗಣಕದಲ್ಲಿರುವ ಡ್ರೈವರ್ ಅದನ್ನು ಹೊಸದಾಗಿ ತುಂಬಬೇಕು. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋದರೆ ಅದಕ್ಕೆ ನಾಲ್ಕು ಸಲ ಮರೆವು, ನಾಲ್ಕು ಸಲ ಪಾಠ. ಗಣಕ ಬದಲಾಗಿ ಡ್ರೈವರ್ ಸರಿಯಾಗಿ ಕೂರದಿದ್ದರೆ ಹಸಿರು ದೀಪ ಉರಿಯುತ್ತಿದ್ದರೂ ಹಾಳೆ ಹೊರಬರುವುದಿಲ್ಲ. 'ಪ್ರಿಂಟರ್ ಸತ್ತೈತಿ' ಎಂದು ಗುಜರಿಗೆ ಹಾಕುವ ಮುನ್ನ ಇದನ್ನು ನೆನೆಯಬೇಕು.

ಕರೆಂಟಿನ ಮಾತು ಬಂದ ಮೇಲೆ ಬಯಾಸ್ ವಿಷಯಕ್ಕೆ ಬರೋಣ. ನಮ್ಮ ಸೀಮೆಯ ವಿದ್ಯಾರ್ಥಿಗಳಿಗೆ ನಿಜವಾದ ಅಪಾಯ ಇರುವುದು ಇಲ್ಲಿ. ಬಯಾಸ್ ನವೀಕರಣ ಎಂದರೆ ಚಿಪ್ಪಿನಲ್ಲಿರುವ ಹಳೆಯ ಬರಹ ಅಳಿಸಿ ಹೊಸದು ಬರೆಯುವುದು. ನಾಲ್ಕೈದು ನಿಮಿಷದ ಕೆಲಸ. ಆ ನಾಲ್ಕೈದು ನಿಮಿಷದಲ್ಲಿ ವಿದ್ಯುತ್ ಹೋದರೆ ಅರ್ಧ ಹಳೆಯದು ಅಳಿದಿದೆ, ಅರ್ಧ ಹೊಸದು ಬಂದಿಲ್ಲ. ಗುಂಡಿ ಒತ್ತಿದರೆ ಫ್ಯಾನ್ ತಿರುಗೀತು, ಪರದೆ ಕಪ್ಪು.

ಬಯಾಸ್ ಅಳಿದರೆ ಏನಾಗುತ್ತದೆ ಎಂಬುದನ್ನು ಜಗತ್ತು ಒಮ್ಮೆ ಸಾಮೂಹಿಕವಾಗಿ ನೋಡಿದೆ. 1999ರ ಏಪ್ರಿಲ್ 26ರಂದು ಸಿಐಎಚ್ ಎಂಬ ವೈರಸ್ ಎಚ್ಚೆತ್ತಿತು. ಬರೆದವನು ತೈವಾನಿನ ಒಬ್ಬ ವಿದ್ಯಾರ್ಥಿ. ಚೆರ್ನೊಬಿಲ್ ದುರಂತದ ದಿನವೇ ಎದ್ದದ್ದರಿಂದ ಅದಕ್ಕೆ ಚೆರ್ನೊಬಿಲ್ ಎಂದೂ ಹೆಸರು. ವಿಂಡೋಸ್ 95, 98 ಇದ್ದ ಗಣಕಗಳ ಹಾರ್ಡ್‌ಡಿಸ್ಕಿನ ಮೊದಲ ಭಾಗವನ್ನು ಹಾಳುಗೆಡವಿದ್ದಲ್ಲದೆ, ಕೆಲವು ಬಗೆಯ ಫಲಕಗಳಲ್ಲಿ ಬಯಾಸ್ ಚಿಪ್ಪಿಗೂ ಕಸ ಬರೆದು ಅವನ್ನು ಏಳದಂತೆ ಮಾಡಿತು. ವೈರಸ್ ಬೇಕಾಗಿಲ್ಲ, ಸಂಜೆ ಏಳರ ಲೋಡ್‌ಶೆಡ್ಡಿಂಗೂ ಅದೇ ಕೆಲಸ ಮಾಡಬಲ್ಲದು.

ಲ್ಯಾಪ್‌ಟಾಪ್ ಇದ್ದವರು ಇಲ್ಲಿ ಅದೃಷ್ಟವಂತರು. ಅದರ ಬ್ಯಾಟರಿಯೇ ಕಾವಲು. ಚಾರ್ಜರ್ ಸಿಕ್ಕಿಸದಿದ್ದರೆ, ಬ್ಯಾಟರಿ ತೀರ ಇಳಿದಿದ್ದರೆ, ಸಾಮಾನ್ಯವಾಗಿ ಅದು ಬಯಾಸ್ ಬರೆಯಲು ಒಪ್ಪುವುದೇ ಇಲ್ಲ. ಡೆಸ್ಕ್‌ಟಾಪ್‌ಗೆ ಅಂಥ ವಿವೇಕವಿಲ್ಲ. ಯುಪಿಎಸ್ ಇಲ್ಲದೆ ಡೆಸ್ಕ್‌ಟಾಪ್ ಬಯಾಸ್‌ಗೆ ಕೈ ಹಾಕಬಾರದು. ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ ಎನ್ನುತ್ತೀರಾ? ಎಷ್ಟೋ ಇನ್ವರ್ಟರುಗಳ ಹಿಂಬದಿಯಲ್ಲಿ 'ಯುಪಿಎಸ್' ಮತ್ತು 'ಸಾಮಾನ್ಯ' ಎಂಬ ಎರಡು ಸ್ಥಾನದ ಗುಂಡಿ ಇರುತ್ತದೆ. ಸಾಮಾನ್ಯ ಸ್ಥಾನದಲ್ಲಿ ಕರೆಂಟ್‌ನಿಂದ ಬ್ಯಾಟರಿಗೆ ಬದಲಾಗುವ ಕ್ಷಣ ಫ್ಯಾನಿಗೆ ಗೊತ್ತಾಗುವುದಿಲ್ಲ, ಗಣಕ ಮಾತ್ರ ಆರಿ ಹೊತ್ತುತ್ತದೆ. ನವೀಕರಣಕ್ಕೆ ಮೊದಲು ಆ ಗುಂಡಿ ನೋಡಿ. ಬೆಳಗಿನ ಜಾವ, ಕರೆಂಟ್ ಸ್ಥಿರವಾಗಿರುವ ಹೊತ್ತು ಆರಿಸಿಕೊಂಡರೆ ಇನ್ನೂ ಒಳ್ಳೆಯದು.

ಆದದ್ದು ಆಗಿಹೋಗಿ ಗಣಕವನ್ನು ಚೀಲದಲ್ಲಿ ಹಾಕಿ ಬಸ್ಸು ಹತ್ತಿ ಕಲಬುರಗಿಗೆ ಒಯ್ದಿರಿ ಎನ್ನೋಣ. ಆಳಂದ, ಜೇವರ್ಗಿಯಿಂದ ನಲವತ್ತು ಕಿಲೋಮೀಟರ್ ಆಸುಪಾಸು, ಅಫಜಲಪುರದಿಂದ ಇನ್ನೂ ಹೆಚ್ಚು. ಅಲ್ಲಿ ಯಾರಾದರೂ 'ಬೋರ್ಡೇ ಹೋಗಿದೆ, ಹೊಸದು ಹಾಕಬೇಕು' ಎಂದರೆ ತಕ್ಷಣ ತಲೆಯಾಡಿಸಬೇಡಿ. ಕೆಟ್ಟಿರುವುದು ಬರಹ ಮಾತ್ರವಾದರೆ ಚಿಪ್ಪಿಗೆ ನೇರವಾಗಿ ಬರೆಯುವ ಪುಟ್ಟ ಸಲಕರಣೆ ಇದೆ. ಕೆಲವು ನೂರು ರೂಪಾಯಿಯ ವಸ್ತು. ಚಿಪ್ ಮಟ್ಟದ ಕೆಲಸ ಬಲ್ಲ ದುರಸ್ತಿಗಾರ ಅದರಿಂದ ಬಯಾಸನ್ನು ಮರಳಿ ತುಂಬಬಲ್ಲ. ಕೆಲವು ಕಂಪನಿಗಳ ಫಲಕಗಳಲ್ಲಿ ಪೆನ್‌ಡ್ರೈವ್‌ನಿಂದಲೇ ಮರಳಿ ತುಂಬುವ ಏರ್ಪಾಡೂ ಇದೆ. 'ಬಯಾಸ್ ಚಿಪ್ ಮತ್ತೆ ಬರೆದು ನೋಡಿದಿರಾ?' ಎಂಬ ಒಂದು ಪ್ರಶ್ನೆ ಪಾಲಕರಿಗೆ ಸಾವಿರಾರು ರೂಪಾಯಿ ಉಳಿಸಬಹುದು.

48 ಅಂಕಿಗಳ ಬೀಗ

ಈಚೆಗೆ ಹೆಚ್ಚುತ್ತಿರುವ ಇನ್ನೊಂದು ಸಂಕಟವಿದೆ. ನನ್ನ ದೃಷ್ಟಿಯಲ್ಲಿ ಇದು ಎಲ್ಲಕ್ಕಿಂತ ದೊಡ್ಡದು, ಯಾಕೆಂದರೆ ಇದರಲ್ಲಿ ಹೋಗುವುದು ಯಂತ್ರವಲ್ಲ, ಮಕ್ಕಳ ಬರಹ.

ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಡಿಸ್ಕಿನಲ್ಲಿರುವುದೆಲ್ಲ ತಾನಾಗಿಯೇ ಗುಪ್ತಲಿಪಿಗೆ ತಿರುಗುವುದುಂಟು. ಬಿಟ್‌ಲಾಕರ್ ಎಂಬ ಬೀಗ ಇದು. ಬೀಗದ ಕೀಲಿ ಟಿಪಿಎಂ ಎಂಬ ಚಿಪ್ಪಿನಲ್ಲಿ ಇರುತ್ತದೆ. ಗಣಕ ಏಳುವಾಗ ಫರ್ಮ್‌ವೇರ್ ಮೊದಲಿನಂತೆಯೇ ಇದೆಯೇ ಎಂದು ತಾಳೆ ನೋಡಿ, ಸರಿಯಿದ್ದರೆ ಮಾತ್ರ ಅದು ಕೀಲಿ ಕೊಡುತ್ತದೆ. ಕಳ್ಳ ಬಂದಿರಬಹುದೆಂಬ ಅನುಮಾನ ಅದರದು. ಆದರೆ ಬಯಾಸ್ ನವೀಕರಿಸಿದರೆ ಫರ್ಮ್‌ವೇರ್ ಬದಲಾಗಿಯೇ ಆಗುತ್ತದೆ. ಆಗ ನೀಲಿ ಪರದೆ ಬಂದು 48 ಅಂಕಿಗಳ ಸಂಖ್ಯೆ ಕೇಳೀತು.

ಸಂಖ್ಯೆ ಎಲ್ಲಿದೆ? ಸಾಮಾನ್ಯವಾಗಿ ಮೊದಲ ದಿನ ಯಾವ ಮೈಕ್ರೋಸಾಫ್ಟ್ ಖಾತೆಯಿಂದ ಲ್ಯಾಪ್‌ಟಾಪ್ ಶುರು ಮಾಡಿದರೋ ಆ ಖಾತೆಯಲ್ಲಿ. ಮೊದಲ ದಿನ ಶುರು ಮಾಡಿಕೊಟ್ಟವರು ಯಾರು? ಅನೇಕ ಮನೆಗಳಲ್ಲಿ ಅಂಗಡಿಯವರು, ಅಥವಾ ಬೆಂಗಳೂರಿನಲ್ಲಿರುವ ಸೋದರಮಾವನ ಮಗ. ಅವರ ಇಮೇಲ್, ಅವರ ಗುಪ್ತಪದ. ಎರಡು ವರ್ಷದ ನಂತರ ಪ್ರಾಜೆಕ್ಟ್ ಸಲ್ಲಿಸಬೇಕಾದ ವಾರದಲ್ಲಿ ಆ ಖಾತೆ ಯಾವುದೆಂದು ಅವರಿಗೂ ನೆನಪಿರುವುದಿಲ್ಲ. ಕೀಲಿ ಸಿಗದಿದ್ದರೆ ಡಿಸ್ಕನ್ನು ಅಳಿಸಿ ಹೊಸದಾಗಿ ವಿಂಡೋಸ್ ಹಾಕುವುದೊಂದೇ ದಾರಿ. ಒಳಗಿದ್ದ ಪ್ರಾಜೆಕ್ಟ್, ಮನೆಯ ಫೋಟೋ ಯಾವುದೂ ಯಾವ ದುರಸ್ತಿಗಾರನಿಗೂ ದಕ್ಕುವುದಿಲ್ಲ.

ಲ್ಯಾಪ್‌ಟಾಪ್ ಕೊಂಡ ದಿನವೇ ಮಗನ ಅಥವಾ ಮಗಳ ಹೆಸರಿನ ಖಾತೆ ತೆರೆಸಿ. ಬಿಟ್‌ಲಾಕರ್ ಕೀಲಿಯನ್ನು ಕಾಗದದ ಮೇಲೆ ಬರೆದು ಅಂಕಪಟ್ಟಿ ಇಡುವ ಚೀಲದಲ್ಲೇ ಇಡಿ. ಬಯಾಸ್ ನವೀಕರಣಕ್ಕೆ ಮುನ್ನ ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿಯುವ ಆಯ್ಕೆ ಇದ್ದರೆ ಅದನ್ನು ಬಳಸಿ.

2024ರ ಜುಲೈ 19ರಂದು ದೊಡ್ಡ ದೊಡ್ಡ ಸಂಸ್ಥೆಗಳೂ ಈ 48 ಅಂಕಿಗಳಿಗಾಗಿ ಹುಡುಕಾಡಿದವು. ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶ ವಿಂಡೋಸ್‌ನ ಒಳಗರ್ಭದಲ್ಲಿ ಡ್ರೈವರ್ ರೂಪದಲ್ಲಿ ಓಡುವಂಥದು. ಅಂದು ಅದಕ್ಕೆ ಬಂದ ಒಂದು ಚಿಕ್ಕ ನವೀಕರಣದಲ್ಲಿ ಲೆಕ್ಕ ತಪ್ಪಿತ್ತು. 21 ಅಂಶಗಳನ್ನು ನೋಡು ಎಂದು ಹೇಳಲಾಗಿತ್ತು, ಇದ್ದದ್ದು 20. ಇಲ್ಲದ ಇಪ್ಪತ್ತೊಂದನೆಯದನ್ನು ಓದಲು ಹೋಗಿ ಡ್ರೈವರ್ ಮುಗ್ಗರಿಸಿತು, ಜೊತೆಗೆ ವಿಂಡೋಸ್ ಕುಸಿಯಿತು. ಸಾಮಾನ್ಯ ತಂತ್ರಾಂಶ ಬಿದ್ದರೆ ಅದೊಂದೇ ಬೀಳುತ್ತದೆ, ಒಳಗರ್ಭದ ಡ್ರೈವರ್ ಬಿದ್ದರೆ ಮನೆಯೇ ಬೀಳುತ್ತದೆ. ಮೈಕ್ರೋಸಾಫ್ಟ್ ಅಂದಾಜಿನಂತೆ ಜಗತ್ತಿನಲ್ಲಿ 85 ಲಕ್ಷ ಗಣಕಗಳು ನೀಲಿ ಪರದೆ ತೋರಿಸಿ ನಿಂತವು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಸಾಲುಗಳು ಬೆಳೆದವು. ದೇಶದ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್‌ಗಳನ್ನು ಬರೆದುಕೊಟ್ಟರು. ಬಹುಪಾಲು ಗಣಕಗಳ ಮುಂದೆ ಯಾರಾದರೂ ಹೋಗಿ ಕುಳಿತು ಆ ಕಡತ ಅಳಿಸಬೇಕಾಯಿತು. ಬಿಟ್‌ಲಾಕರ್ ಇದ್ದಲ್ಲಿ ಮೊದಲು ಕೀಲಿ ಕೊಡಬೇಕಾಗಿತ್ತು.

ಇದಕ್ಕೂ ಹಿಂದಿನ ಪ್ರಸಂಗವೊಂದು ಹಾಸ್ಯದ್ದು. 1998ರ ಏಪ್ರಿಲ್‌ನಲ್ಲಿ ಷಿಕಾಗೋದ ಕಾಮ್‌ಡೆಕ್ಸ್ ಪ್ರದರ್ಶನದಲ್ಲಿ ಸ್ವತಃ ಬಿಲ್ ಗೇಟ್ಸ್ ವೇದಿಕೆಯ ಮೇಲಿದ್ದಾಗ ಸಹೋದ್ಯೋಗಿಯೊಬ್ಬರು ವಿಂಡೋಸ್ 98ಕ್ಕೆ ಸ್ಕ್ಯಾನರ್ ಸಿಕ್ಕಿಸಿ ತೋರಿಸಲು ಹೋದರು. ತನ್ನಷ್ಟಕ್ಕೆ ಡ್ರೈವರ್ ಹಾಕಿಕೊಳ್ಳಬೇಕಾಗಿದ್ದ ಗಣಕ ಎಲ್ಲರ ಎದುರು ನೀಲಿ ಪರದೆ ತೋರಿಸಿತು! ಊರಿನ ಪ್ರಯೋಗಾಲಯದಲ್ಲಿ ನಿಮಗೂ ಹಾಗಾದರೆ ಬೇಸರ ಬೇಡ.

ಸರ್ವರ್‌ನ ಆಯುಸ್ಸು

ಕಾಲೇಜಿನ ಸರ್ವರ್ ನೋಡಿಕೊಳ್ಳುವವರು, ಮುಂದೆ ಆ ಕೆಲಸಕ್ಕೆ ಹೋಗಬೇಕೆಂದಿರುವ ಡಿಪ್ಲೊಮಾ, ಬಿಸಿಎ ವಿದ್ಯಾರ್ಥಿಗಳು ಒಂದು ಸಂಖ್ಯೆಯನ್ನು ನೆನಪಿಡಬೇಕು: 32,768. ಗಣಿತದವರಿಗೆ ಹೊಳೆದಿರಬೇಕು, 2ರ 15ನೆಯ ಘಾತ. ಹದಿನಾರು ಬಿಟ್‌ಗಳಲ್ಲಿ ಧನ-ಋಣ ಚಿಹ್ನೆ ಸಹಿತ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 32,767. ಒಂದು ಕೂಡಿಸಿದರೆ ಲೆಕ್ಕ ತಿರುಗಿ ಬೀಳುತ್ತದೆ.

2019ರ ನವೆಂಬರ್‌ನಲ್ಲಿ ಎಚ್‌ಪಿಇ ಕಂಪನಿ ಗ್ರಾಹಕರಿಗೆ ಒಂದು ತುರ್ತು ಸೂಚನೆ ಹೊರಡಿಸಿತು. ತನ್ನ ಸರ್ವರ್‌ಗಳಲ್ಲಿ ಬಳಸಿದ ಕೆಲವು ಮಾದರಿಯ ಎಸ್‌ಎಸ್‌ಡಿ ಡಿಸ್ಕ್‌ಗಳು 32,768 ಗಂಟೆ ಓಡಿದ ಕೂಡಲೇ ಸಾಯುತ್ತವೆ. ಅಂದರೆ 3 ವರ್ಷ, 270 ದಿನ, 8 ಗಂಟೆ. ಆಮೇಲೆ ಡಿಸ್ಕೂ ಇಲ್ಲ, ಅದರಲ್ಲಿದ್ದ ದಾಖಲೆಯೂ ಇಲ್ಲ. ಒಂದು ಡಿಸ್ಕ್ ಹೋದರೂ ಉಳಿದವು ದಾಖಲೆ ಕಾಯಲಿ ಎಂದು ಸರ್ವರ್‌ನಲ್ಲಿ ಹಲವು ಡಿಸ್ಕ್ ಹಾಕುತ್ತಾರೆ. ಆದರೆ ಎಲ್ಲವನ್ನೂ ಒಂದೇ ದಿನ ಚಾಲೂ ಮಾಡಿದ್ದರೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಗಳಿಗೆಯಲ್ಲಿ ಹೋಗುತ್ತವೆ. ಪರಿಹಾರ? ಫರ್ಮ್‌ವೇರ್ ನವೀಕರಣ, ಆ ಗಂಟೆ ಬರುವುದರೊಳಗೆ. ಮರುವರ್ಷ ಮಾರ್ಚ್‌ನಲ್ಲಿ ಬೇರೆ ಕೆಲವು ಮಾದರಿಗಳ ಬಗ್ಗೆ ಇಂಥದೇ ಸೂಚನೆ ಬಂತು, ಆ ಸಲ 40,000 ಗಂಟೆ.

'ಓಡುತ್ತಿರುವ ಯಂತ್ರವನ್ನು ಮುಟ್ಟಬಾರದು' ಎಂಬುದು ನಮ್ಮ ಮೆಕ್ಯಾನಿಕ್‌ಗಳ ಹಳೆಯ ನಂಬಿಕೆ. ಅರ್ಧ ಸತ್ಯ. ಮನೆಯ ಡೆಸ್ಕ್‌ಟಾಪ್‌ನ ಬಯಾಸ್ ಮಟ್ಟಿಗೆ ನಾನೂ ಒಪ್ಪುತ್ತೇನೆ: ತೊಂದರೆ ಇಲ್ಲದಿದ್ದರೆ, ಭದ್ರತೆಯ ಕಾರಣ ಇಲ್ಲದಿದ್ದರೆ, ಬಿಟ್ಟುಬಿಡಿ. ಸರ್ವರ್ ಮಟ್ಟಿಗೆ ಆ ಮಾತು ನಡೆಯದು. ಅಲ್ಲಿ ತಯಾರಕರ ಸೂಚನೆಗಳನ್ನು ತಿಂಗಳಿಗೊಮ್ಮೆಯಾದರೂ ಓದಬೇಕು. ದಾಖಲೆಯ ಪ್ರತಿ ತೆಗೆದು, ಆ ಪ್ರತಿ ತೆರೆಯುತ್ತದೆಯೇ ಎಂದೂ ನೋಡಿ, ರಜೆಯ ದಿನ ಒಂದೇ ಯಂತ್ರದ ಮೇಲೆ ಮೊದಲು ಪ್ರಯೋಗ ಮಾಡಿ ಮುಂದುವರಿಯಬೇಕು.

ಮನೆಯ ಗಣಕಕ್ಕೆ ಬರೋಣ. ಡ್ರೈವರ್ ಹುಡುಕಲು ಅಂತರ್ಜಾಲದಲ್ಲಿ ಇಳಿದರೆ 'ನಿಮ್ಮ ಗಣಕದಲ್ಲಿ 27 ಡ್ರೈವರ್ ಹಳೆಯವು, ಇಲ್ಲಿ ಒತ್ತಿ' ಎಂದು ಕೂಗುವ ಉಚಿತ ತಂತ್ರಾಂಶಗಳು ಎದುರಾಗುತ್ತವೆ. ಅವುಗಳ ಹತ್ತಿರ ಹೋಗಬೇಡಿ. ಕೆಲವು ಹಣ ಕೀಳುತ್ತವೆ, ಕೆಲವು ಬೇಡದ್ದನ್ನು ಒಳಗೆ ಬಿಡುತ್ತವೆ. ಸರಿಯಾದ ಬಾಗಿಲು ಎರಡೇ. ವಿಂಡೋಸ್ ಅಪ್‌ಡೇಟ್‌ನೊಳಗೆ 'ಅಡ್ವಾನ್ಸ್ಡ್ ಆಪ್ಷನ್ಸ್', ಅದರೊಳಗೆ 'ಆಪ್ಷನಲ್ ಅಪ್‌ಡೇಟ್ಸ್' ಒಂದು. ಯಂತ್ರ ತಯಾರಿಸಿದ ಕಂಪನಿಯ ಸ್ವಂತ ತಾಣ ಇನ್ನೊಂದು. ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿ 'ಎಂಎಸ್‌ಇನ್ಫೋ32' ಎಂದು ಇಂಗ್ಲಿಷಿನಲ್ಲಿ ಬರೆದರೆ ಗಣಕದ ಮಾದರಿ, ಬಯಾಸ್‌ನ ಆವೃತ್ತಿ, ತಾರೀಖು ಎಲ್ಲ ಕಾಣುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಇರುವ ಸಾಧನಕ್ಕೆ ಮಾತ್ರ ಚಿಕಿತ್ಸೆ ಬೇಕು. ಹೊಸ ಡ್ರೈವರ್ ಹಾಕಿದ ಮೇಲೆ ಧ್ವನಿ ಹೋಯಿತೋ, ಅದೇ ಜಾಗದಲ್ಲಿ 'ರೋಲ್ ಬ್ಯಾಕ್' ಇದೆ, ಹಳೆಯದು ಮರಳಿ ಬರುತ್ತದೆ.

ಮೊಬೈಲ್‌ನ ದಿನದ ಡೇಟಾ ಹಂಚಿಕೊಂಡು ಗಣಕ ನಡೆಸುವವರು ಗಮನಿಸಿ: ಆ ಸಂಪರ್ಕವನ್ನು 'ಮೀಟರ್ಡ್' ಎಂದು ಗುರುತಿಸಿದ್ದರೆ ಎಷ್ಟೋ ಡ್ರೈವರ್‌ಗಳು ಇಳಿಯುವುದೇ ಇಲ್ಲ. ಡೇಟಾ ಉಳಿಯಿತು, ಡ್ರೈವರ್ ಉಳಿದುಹೋಯಿತು. ಇನ್ನು ವಿಂಡೋಸ್ ಹೊಸದಾಗಿ ಹಾಕಿಸಿದಾಗ ವೈಫೈ ಡ್ರೈವರ್ ಇಲ್ಲದೆ ಅಂತರ್ಜಾಲವಿಲ್ಲ, ಅಂತರ್ಜಾಲವಿಲ್ಲದೆ ವೈಫೈ ಡ್ರೈವರ್ ಇಲ್ಲ ಎಂಬ ಕೋಳಿ-ಮೊಟ್ಟೆ ಪಂಚಾಯ್ತಿ ಹುಟ್ಟುತ್ತದೆ. ಆಂಡ್ರಾಯ್ಡ್ ಮೊಬೈಲನ್ನು ಚಾರ್ಜರ್ ತಂತಿಯಲ್ಲೇ ಗಣಕಕ್ಕೆ ಜೋಡಿಸಿ 'ಯುಎಸ್‌ಬಿ ಟೆಥರಿಂಗ್' ಚಾಲೂ ಮಾಡಿದರೆ ಸಾಮಾನ್ಯವಾಗಿ ಸಂಪರ್ಕ ಸಿಗುತ್ತದೆ, ಅದಕ್ಕೆ ಬೇಕಾದ ಡ್ರೈವರ್ ವಿಂಡೋಸ್‌ನಲ್ಲೇ ಇದೆ.

ಒಂದು ಕೊನೆಯ ವಿಷಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಮ್ಮ ಶಾಲೆ, ಕಾಲೇಜು, ಮನೆಗಳಲ್ಲಿ ಅದೇ ಇರುವ ಗಣಕಗಳು ಇನ್ನೂ ಬಹಳ. 'ವಿಂಡೋಸ್ 11 ಇದರಲ್ಲಿ ಹತ್ತುವುದಿಲ್ಲ, ಟಿಪಿಎಂ ಇಲ್ಲ' ಎಂಬ ಸಂದೇಶ ನೋಡಿ ಹೊಸ ಗಣಕಕ್ಕೆ ಸಾಲ ಮಾಡುವ ಮೊದಲು ಒಮ್ಮೆ ಬಯಾಸ್ ಒಳಗೆ ಇಣುಕಬೇಕು. ಎಷ್ಟೋ ಗಣಕಗಳಲ್ಲಿ ಟಿಪಿಎಂ ಫರ್ಮ್‌ವೇರ್‌ನಲ್ಲೇ ಇದ್ದು, ಆರಿಸಿಟ್ಟಿರುತ್ತಾರೆ. ಇಂಟೆಲ್ ಗಣಕಗಳಲ್ಲಿ 'ಪಿಟಿಟಿ', ಎಎಂಡಿ ಗಣಕಗಳಲ್ಲಿ 'ಎಫ್‌ಟಿಪಿಎಂ' ಎಂಬ ಹೆಸರಿನಲ್ಲಿ ಅಡಗಿರುತ್ತದೆ. ಇಂಟೆಲ್ ಎಂಟನೆಯ ಪೀಳಿಗೆಯ ಅಥವಾ ನಂತರದ ಪ್ರೊಸೆಸರ್ ಇದ್ದರೆ, ಅದೊಂದನ್ನು ಚಾಲೂ ಮಾಡಿದರೆ ಆಗಬಹುದು. ಆರು, ಏಳನೆಯ ಪೀಳಿಗೆಯ ಗಣಕಗಳು ಬಹುತೇಕ ಹೊರಗುಳಿಯುತ್ತವೆ. ಅವಕ್ಕೆ ಲಿನಕ್ಸ್ ಹಾಕಿ ಕನ್ನಡ ಬರೆಯಲು, ಓದಲು, ಪ್ರೋಗ್ರಾಮಿಂಗ್ ಕಲಿಯಲು ಬಳಸಬಹುದು. ಆದರೆ ಬೆರಳಚ್ಚು ಯಂತ್ರವನ್ನು ಲಿನಕ್ಸ್‌ಗೆ ಜೋಡಿಸುವ ಮುನ್ನ, ಅದರ ಆರ್‌ಡಿ ಸರ್ವಿಸ್ ಲಿನಕ್ಸ್‌ಗೂ ಇದೆಯೇ ಎಂದು ಯಂತ್ರ ಮಾರಿದವರನ್ನೇ ಕೇಳಿ ತಿಳಿಯಬೇಕು.